ನನ್ನ ಅಕ್ಕನನ್ನು ಹೊರಗೆ ಕೂರಿಸಿ ಒಳಗೆ ಮಾತಾಡಿದವರಿಗೆ

ಹಿರಿಯ ನಾಗರಿಕರ ಹಕ್ಕುಗಳಿಗಾಗಿ ಇರುವ ನಮ್ಮ ರಾಜ್ಯ ಸಂಘದ ಮಾನ್ಯ ಅಧ್ಯಕ್ಷರೇ,

ಶಾಸಕರ ಸಮಿತಿಯ ಮುಂದೆ ನನ್ನ ಅಕ್ಕ ಆಡಬೇಕಿದ್ದ ಮಾತನ್ನು ನೀವು ನುಂಗಿದಿರಿ. ಅದರ ಜಾಗದಲ್ಲಿ ಒಂದು ಸುಳ್ಳನ್ನು ಹೇಳಿ, ನೀರು ಕುಡಿದು, ಕೈಮುಗಿದು ಬಂದಿರಿ. ಅಷ್ಟು ಹೊತ್ತೂ ಅಕ್ಕ ಬಾಗಿಲಿನ ಆಚೆ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದಳು. ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದು ಬೇಕೆಂದೇ. ನಿಮಗೆ ಬರುವುದನ್ನೆಲ್ಲ ಮೊದಲು ಓದುವವರು ನಿಮ್ಮ ಕಾರ್ಯನಿರ್ವಾಹಕ ನಿರ್ದೇಶಕರು. ಅವರ ಕೈ ದಾಟಿ ನಿಮ್ಮವರೆಗೆ ತಲುಪುವುದು ಹುಟ್ಟುಹಬ್ಬದ ಶುಭಾಶಯಗಳು ಮಾತ್ರ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು.

ನನ್ನ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಕಚೇರಿಯಲ್ಲಿ ಫೋನು ಎತ್ತುವ ಸ್ವಯಂಸೇವಕಿಯರಲ್ಲಿ ಒಬ್ಬಳು. ಅದಕ್ಕೂ ಮುಂಚೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಮಂಡಿ ನೋವಿನವರ ಪರವಾಗಿ ಹೋರಾಡುವ ಸಂಘ ಎರಡನೇ ಮಹಡಿಯಲ್ಲಿ ಏಕಿದೆ, ಅದರ ಲಿಫ್ಟು ಸದಾ ಏಕೆ ಕೆಟ್ಟಿರುತ್ತದೆ ಎಂದು ಒಮ್ಮೆ ನಿಮ್ಮನ್ನು ಕೇಳಿದ್ದೆ. "ವ್ಯಾಯಾಮ ಒಳ್ಳೇದಲ್ವಾಮ್ಮಾ" ಎಂದು ನಕ್ಕಿರಿ. ಸುತ್ತಲಿದ್ದವರೂ ನಕ್ಕರು. ಅಧ್ಯಕ್ಷರ ಹಾಸ್ಯಕ್ಕೆ ನಗದಿದ್ದರೆ ಹೇಗೆ?

ಈಗ ಅಕ್ಕನ ವಿಷಯ. ಅವಳು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವಳು. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಒಂದು ತಲೆಮಾರಿಗೇ ಹೇಳಿದಳು. ಊರಿನಲ್ಲಿ ಅವಳ ದನಿ ಕೇಳದವರಿಲ್ಲ, ಮುಖ ಕಂಡವರು ಕಡಿಮೆ. ಭಾವ ತೀರಿಕೊಂಡ ಮೇಲೆ, ನಾನು ಎಷ್ಟು ಕರೆದರೂ, "ನಿನ್ನ ಜೊತೆ ದಿನಾ ಜಗಳ ಆಡೋದಕ್ಕಿಂತ ವಾರಕ್ಕೊಂದ್ಸಲ ಆಡೋಣ" ಎಂದು ಹೇಳಿ ತಾನೇ ಆರಿಸಿಕೊಂಡು ಒಂದು ವೃದ್ಧಾಶ್ರಮಕ್ಕೆ ಹೋದಳು. ಬಿಳಿ ಗೋಡೆ, ಹಿಂದೆ ತೋಟ, ಮುಂದೆ ನಗುವ ವ್ಯವಸ್ಥಾಪಕಿ. ಅದರ ಮಾಲೀಕರು ನಿಮ್ಮ ಸಲಹಾ ಮಂಡಳಿಯಲ್ಲಿದ್ದಾರೆ. ಅವರ ಪರಿಚಯ ನಿಮಗೆ ಬೇಕಿಲ್ಲ.

ಅಲ್ಲಿ ಅಕ್ಕನ ಕೋಣೆಯಲ್ಲಿ ಇನ್ನೊಬ್ಬರಿದ್ದರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಎಲ್ಲರೂ ಗಣಿತದ ಮೇಡಂ ಎನ್ನುತ್ತಿದ್ದರು. ಅಕ್ಕನಿಗೂ ಅವರಿಗೂ ಕಿಟಕಿ ತೆರೆಯುವ ವಿಚಾರಕ್ಕೆ ದಿನಾ ಕಿತ್ತಾಟ, ಅಷ್ಟೇ ಗಾಢವಾದ ಸ್ನೇಹ. ಹಾಸಿಗೆಯ ಪಕ್ಕದಲ್ಲಿ ಸಹಾಯಕ್ಕೆ ಕರೆಯುವ ಗಂಟೆಯ ಗುಂಡಿ ಇತ್ತು. ಮೇಡಂ ಪದೇ ಪದೇ ಒತ್ತುತ್ತಾರೆಂದು ಆಶ್ರಮದವರು ಅದರ ತಂತಿ ಕಿತ್ತರು. ಅಕ್ಕ ತಕರಾರು ತೆಗೆದಾಗ ವ್ಯವಸ್ಥಾಪಕಿ, "ರಿಪೇರಿಗೆ ಹೇಳಿದ್ದೀವಿ ಅಜ್ಜಿ, ಬರ್ತಾರೆ" ಎಂದರು. ಯಾರೂ ಬರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟಾಗಿತ್ತು. ಅಕ್ಕ ಸತ್ತ ಗುಂಡಿಯನ್ನೇ ಒತ್ತಿದಳು, ಕಾರಿಡಾರಿಗೆ ಬಂದು ಕೂಗಿದಳು. ಮಹಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೆಲಸದವರನ್ನೆಲ್ಲ ಕೆಳಗೆ ಊಟದ ಹಾಲಿಗೆ ಕರೆಸಿಕೊಂಡಿದ್ದರು. ಅಲ್ಲೊಂದು ಸನ್ಮಾನ ನಡೆದಿತ್ತು. ಧ್ವನಿವರ್ಧಕ, ಚಪ್ಪಾಳೆ, ಭಾಷಣ. ಜೀವನವಿಡೀ ಇಡೀ ನಿಲ್ದಾಣಕ್ಕೆ ಕೇಳುವಂತೆ ಮಾತಾಡಿದವಳು ಅಂದು ಗಂಟಲು ಹರಿಯುವಂತೆ ಕೂಗಿದರೂ ಒಂದು ಮಹಡಿ ಕೆಳಗೆ ಕೇಳಿಸಲಿಲ್ಲ. ಕೋಲೂರಿಕೊಂಡು ಅವಳು ಮೆಟ್ಟಿಲಿಳಿದು ಹಾಲಿನ ಬಾಗಿಲಿಗೆ ಬಂದಾಗ ಕಾವಲಿನವನು, "ಆಮೇಲೆ ಬನ್ನಿ, ಗೆಸ್ಟು ಮಾತಾಡ್ತಿದಾರೆ" ಎಂದು ತಡೆದ. ಯಾರೋ ಮೇಲೆ ಹೋಗುವಷ್ಟರಲ್ಲಿ ಮೇಡಂ ಉಸಿರು ನಿಂತಿತ್ತು.

ಆ ಗೆಸ್ಟು ಯಾರೆಂದು ಕೇಳುವುದಿಲ್ಲವೇ, ಅಧ್ಯಕ್ಷರೇ? ಹೂಗುಚ್ಛ ಹಿಡಿದು, "ಇಲ್ಲಿ ಹಿರಿಯರ ಕೂಗಿಗೆ ಕಿವಿಯಿದೆ" ಎಂದು ಮೈಕಿನಲ್ಲಿ ಹೇಳುತ್ತಿದ್ದವರು ನೀವೇ. ನಿಮಗೆ ಅಂದು ತಿಳಿಯಲಿಲ್ಲ, ಒಪ್ಪುತ್ತೇನೆ. ಮರುವಾರ ನಿಮ್ಮ ಕೋಣೆಯಲ್ಲಿ ಕೂತು ಅಕ್ಕ ಎಲ್ಲವನ್ನೂ ಹೇಳಿದಳಲ್ಲ, ಆಗ ತಿಳಿಯಿತು. ನಿಮ್ಮ ಕಣ್ಣು ತೇವವಾಯಿತು. ನಾನೇ ಕರವಸ್ತ್ರ ಕೊಟ್ಟೆ. ಅದನ್ನು ನೀವು ಹಿಂದಿರುಗಿಸಿಲ್ಲ. ಇಟ್ಟುಕೊಳ್ಳಿ, ಮುಂದೆ ಬೇಕಾದೀತು.

ಅದೇ ಹೊತ್ತಿಗೆ ವೃದ್ಧಾಶ್ರಮಗಳ ಮಸೂದೆ ಸಮಿತಿಯ ಮುಂದೆ ಬಂತು. ಪ್ರತಿ ಹಾಸಿಗೆಗೂ ಕೆಲಸ ಮಾಡುವ ಕರೆಗಂಟೆ ಇರಬೇಕು, ಹೊರಗಿನ ತಪಾಸಣೆಯವರು ಹೇಳದೆ ಕೇಳದೆ ಒಳಬರಬಹುದು ಎಂಬ ಕಲಮುಗಳು ಅದರಲ್ಲಿದ್ದವು. "ಸಂಘದ ಪರವಾಗಿ ನಿಮ್ಮಕ್ಕನೇ ಮಾತಾಡ್ಲಿ" ಎಂದಿರಿ. ನಿರ್ದೇಶಕರು ಛಾಯಾಗ್ರಾಹಕನನ್ನು ಕರೆಸಿದರು. ಅಕ್ಕ ಬಾಯಿ ತೆರೆದು ಕೈಯೆತ್ತಿ ಮಾತಾಡುತ್ತಿರುವ ದೊಡ್ಡ ಪೋಸ್ಟರು ಬಸ್ ನಿಲ್ದಾಣಗಳಲ್ಲಿ ಬಂತು. ಕೆಳಗೆ "ಹಿರಿಯರ ದನಿ" ಎಂದು ದಪ್ಪಕ್ಷರ. ದನಿ ಮಾತ್ರ ಇದ್ದವಳಿಗೆ ಮುಖ ಕೊಟ್ಟಿರಿ ಎಂದು ನಾನೂ ಹಿಗ್ಗಿದೆ. ನಿಮಗೆ ಬೇಕಾಗಿದ್ದದ್ದು ಮುಖ ಮಾತ್ರ ಎಂದು ಆಗ ಹೊಳೆಯಲಿಲ್ಲ.

ಅಂದು ಬೆಳಿಗ್ಗೆ ಅಕ್ಕ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಗಂಟಲಿಗೆ ಬಿಸಿನೀರು ಕುಡಿದು ಬಂದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮಣಮಣ ಎಂದು ಹೇಳಿಕೊಂಡಳು. ಸಭೆಯ ಕೋಣೆಯ ಹೊರಗೆ ನಿರ್ದೇಶಕರು ಅಡ್ಡ ಬಂದರು.

"ಅಮ್ಮಾ, ಸ್ವಲ್ಪ ಇಲ್ಲೇ ಕೂತಿರಿ. ಮೊದಲು ಅಧ್ಯಕ್ಷರು ಪೀಠಿಕೆ ಹಾಕ್ತಾರೆ, ಆಮೇಲೆ ನಿಮ್ಮನ್ನ ಕರೀತೀವಿ."

"ಕರೆಯೋದು ಮರೀಬೇಡಿಪ್ಪಾ" ಎಂದಳು ಅಕ್ಕ.

"ಅಯ್ಯೋ, ನೀವಿಲ್ದೆ ಏನಿದೆ ಅಮ್ಮಾ!"

ಒಳಗೆ ನಡೆಯುವುದು ಆಚೆಗೂ ಕೇಳಲೆಂದು ಕಾರಿಡಾರಿನಲ್ಲಿ ಒಂದು ಸ್ಪೀಕರ್ ಇತ್ತು. ನಿಮ್ಮ ದನಿ ಅದರಲ್ಲಿ ಬಂತು, ಬಹಳ ಸ್ಪಷ್ಟವಾಗಿ. "ನಮ್ಮ ಹಿರಿಯ ಸದಸ್ಯೆಯೊಬ್ಬರ ನೋವಿನ ಅನುಭವವನ್ನು ಆಲಿಸಿಯೇ ಹೇಳುತ್ತಿದ್ದೇನೆ. ಆಶ್ರಮಗಳು ತಮ್ಮ ಲೋಪಗಳನ್ನು ತಾವೇ ತಿದ್ದಿಕೊಳ್ಳುವ ಪ್ರಬುದ್ಧತೆ ಹೊಂದಿವೆ. ಈ ಎರಡು ಕಲಮುಗಳ ಅಗತ್ಯ ಸಂಘಕ್ಕೆ ಕಾಣುವುದಿಲ್ಲ." ಅಕ್ಕ ಸ್ಪೀಕರಿನ ಕಡೆ ತಲೆಯೆತ್ತಿ ನೋಡಿದಳು. ತಪ್ಪು ಪ್ಲಾಟ್‌ಫಾರ್ಮಿನ ಹೆಸರು ಕೇಳಿದವಳ ಹಾಗೆ. ಎದ್ದು ಬಾಗಿಲಿಗೆ ಹೋದಳು.

"ನಿಮ್ಮನ್ನ ಒಳಗೆ ಬಿಡ್ಬೇಡಿ ಅಂತ ನಿಮ್ಮ ಸಂಘದವ್ರೇ ಹೇಳಿದಾರೆ ಅಮ್ಮಾ" ಎಂದ ಕಾವಲಿನವನು. ಪಾಪ, ಅವನ ಮುಖವೇ ಸಣ್ಣಗಾಗಿತ್ತು.

ಆಮೇಲೆ ನಿರ್ದೇಶಕರನ್ನು ಕೇಳಿದೆ. "ನಿಮ್ಮಕ್ಕನ ದನಿ ಸ್ವಲ್ಪ ಜೋರು, ಸಮಿತಿಗೆ ಮುಜುಗರ ಆಗುತ್ತೆ. ಅಲ್ದೆ ಇದು ಅಧ್ಯಕ್ಷರ ತೀರ್ಮಾನ, ನಾನು ಸಂಬಳದವನು" ಎಂದರು. ನಿಮ್ಮನ್ನು ಕೇಳಿದೆ. "ಇದೆಲ್ಲ ಸಿಬ್ಬಂದಿ ನೋಡ್ಕೊಳ್ಳೋ ವಿಚಾರ, ನಾನು ಬರೀ ಸ್ವಯಂಸೇವಕ" ಎಂದಿರಿ. ಎಂಥ ಅನುಕೂಲದ ಏರ್ಪಾಡು! ಒಬ್ಬರಿಗೆ ಸಂಬಳವಿದೆ, ಆದ್ದರಿಂದ ಆತ್ಮಸಾಕ್ಷಿ ಬೇಕಿಲ್ಲ. ಇನ್ನೊಬ್ಬರಿಗೆ ಸಂಬಳವಿಲ್ಲ, ಆದ್ದರಿಂದ ಹೊಣೆ ಬೇಕಿಲ್ಲ. ನಿಮ್ಮಿಬ್ಬರ ನಡುವಿನ ಸಂದಿಯಲ್ಲಿ ಒಬ್ಬ ಹೆಂಗಸಿನ ಸಾವೇ ಬಿದ್ದು ಕಾಣೆಯಾಯಿತು.

ಸಮಿತಿಯವರು ಆ ಕಲಮುಗಳನ್ನು ಕೈಬಿಟ್ಟರು. ಆಶ್ರಮದ ವ್ಯವಸ್ಥಾಪಕಿ ಅಕ್ಕನಿಗೆ, "ನಿಮಗಿಲ್ಲಿ ಹೊಂದಾಣಿಕೆ ಆಗ್ತಿಲ್ಲ ಅನ್ಸುತ್ತೆ" ಎಂದು ನಗುತ್ತಲೇ ಹೇಳಿ ಗಂಟುಮೂಟೆ ಕಟ್ಟಿಸಿದರು. ಈಗ ಅವಳು ನನ್ನ ಮನೆಯಲ್ಲಿದ್ದಾಳೆ. ಬಂದ ಹೊಸದರಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದಳು. ಜಗಳ ಕೂಡ ಆಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಗಿದ್ದು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಸಂಘಕ್ಕೆ ಶಾಖೆಗಳಿವೆ ಅಲ್ವೇನೆ?" ಎಂದಳು.

ಹೊರಟೆವು. ಬಸ್ಸಿನಲ್ಲಿ, ಅವಳ ಕೋಲು, ನನ್ನ ಮಂಡಿನೋವಿನ ಎಣ್ಣೆ ಸಮೇತ. ಮೊದಲ ಶಾಖೆ ಗ್ರಂಥಾಲಯದ ಹಿಂದಿನ ಒಂದು ಕೋಣೆ. ಸದಸ್ಯರಿಗೆ ಪೋಸ್ಟರಿನ ಮುಖ ಗೊತ್ತಿತ್ತು. ಅಕ್ಕ ಬಾಯಿ ತೆರೆದ ಕೂಡಲೇ ಹಿಂದಿನ ಸಾಲಿನಲ್ಲೊಬ್ಬರು, "ಅಯ್ಯೋ, ಇದು ಸ್ಟೇಷನ್ನಿನ ದನಿ!" ಎಂದರು. ಅವಳು ನಡೆದದ್ದನ್ನು ನಡೆದಂತೆ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲ. ಮುಗಿಸಿದಾಗ ನಿವೃತ್ತ ಲಾರಿ ಚಾಲಕರೊಬ್ಬರು ನಿಂತರು. "ನನ್ನ ಹೆಂಡ್ತಿ ಇರೋ ಕಡೆನೂ ಗಂಟೆ ಕಿತ್ತಿದಾರೆ. ನಾನು ಕೇಳಿದ್ರೆ ಅವಳನ್ನ ಗೋಳು ಹುಯ್ಕೊಳ್ತಾರೇನೋ ಅಂತ ಸುಮ್ನಿದ್ದೆ." ಅಷ್ಟು ಹೇಳಿ ಕೂತು, ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಹೋದ ಶಾಖೆಗಳಲ್ಲೂ ಒಬ್ಬರಲ್ಲ ಒಬ್ಬರು ಹಾಗೆ ಎದ್ದು ನಿಂತರು.

ಶಾಖೆಗಳು ವಿಶೇಷ ಮಹಾಸಭೆ ಕೇಳಿದವು. ಸಭಾಂಗಣ ಸಿಗುತ್ತಿಲ್ಲ ಎಂದು ನಿರ್ದೇಶಕರು ತಿಳಿಸಿದರು. ಅಯ್ಯೋ ಪಾಪ! ಚಿಂತೆ ಬಿಡಿ, ಅಕ್ಕನ ಹಳೆಯ ಸಹೋದ್ಯೋಗಿಗಳು ರೈಲ್ವೆ ನೌಕರರ ಸಭಾಂಗಣ ಕೊಟ್ಟಿದ್ದಾರೆ. ನೀವು ಕರೆಯದಿದ್ದರೆ ಶಾಖೆಗಳೇ ಸೇರಿ ಸಭೆ ಕರೆಯಬಹುದು ಎಂದು ನೀವೇ ಬರೆಸಿದ ನಿಯಮಾವಳಿ ಹೇಳುತ್ತದೆ. ಕರೆದಿದ್ದೇವೆ. ಬರುವ ತಿಂಗಳ ಮೊದಲ ಭಾನುವಾರ. ನಿಮ್ಮಿಬ್ಬರ ಮೇಲಿನ ಅವಿಶ್ವಾಸವೊಂದೇ ವಿಷಯ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಕ್ಷಮೆ ಕೇಳಬೇಡಿ, ಅದು ನಿಮಗೆ ಬಹಳ ಸಲೀಸು. ಅನಾರೋಗ್ಯದ ನೆಪ ಹೇಳಿ ಮನೆಯಿಂದಲೇ ರಾಜೀನಾಮೆ ಕಳಿಸಲೂಬೇಡಿ. ಸಭೆಗೆ ಬನ್ನಿ. ನಿರ್ದೇಶಕರನ್ನೂ ಕರೆತನ್ನಿ. ಮೇಡಂ ಸಾವು ಗೊತ್ತಿದ್ದೂ ಸಮಿತಿಗೆ ಸುಳ್ಳು ಹೇಳಿದೆ ಎಂದು ಎಲ್ಲರೆದುರು ನಿಮ್ಮ ಬಾಯಿಂದಲೇ ಹೇಳಿ, ಆ ಹೇಳಿಕೆಯನ್ನು ಹಿಂದಕ್ಕೆ ಪಡೆದು, ಆಮೇಲೆ ಕುರ್ಚಿ ಬಿಡಿ. ಸದಸ್ಯತ್ವವನ್ನೂ ಬಿಡಿ. ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ. ನಿಮ್ಮ ಮುಖ ಬಾಡುವುದನ್ನು ಕಣ್ತುಂಬ ನೋಡಬೇಕು. ಈ ಆಸೆಗೆ ನನಗೆ ಕಿಂಚಿತ್ತೂ ನಾಚಿಕೆಯಿಲ್ಲ.

ನಿಮ್ಮ ಸ್ಥಾನಕ್ಕೆ ಅಕ್ಕ ನಿಲ್ಲುತ್ತಿದ್ದಾಳೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಸದಸ್ಯತ್ವದ ಮಾತು ಬಂದಾಗ ಕೈಯೆತ್ತಿ ತಡೆದಳು.

"ಅದೊಂದು ತೆಗಿ. ಅವರಿಗೂ ವಯಸ್ಸಾಗ್ತಿದೆ. ನಾಳೆ ಅವರನ್ನೂ ಯಾರೋ ಎಲ್ಲೋ ಮಲಗಿಸಿ ಗಂಟೆ ಕಿತ್ತಾಗ, ಅವರ ಪರವಾಗಿ ನಾವೇ ಮಾತಾಡ್ಬೇಕಲ್ಲೇ."

ಅವಳು ಗೆಲ್ಲುವುದು ಇದಕ್ಕೇ, ಅಧ್ಯಕ್ಷರೇ. ನಾನಾದರೋ ಆ ಸಾಲನ್ನು ತೆಗೆದಿಲ್ಲ.

ಇಂತಿ,
ಕ್ಷಮಿಸುವ ಗುಣವೆಲ್ಲ ಅಕ್ಕನ ಪಾಲಿಗೇ ಹೋಗಿ ಬರಿಗೈಲಿ ಉಳಿದ
ಒಬ್ಬ ತಂಗಿ