ಎಡಗಾಲಿಗೆ ಕೆಲಸವಿಲ್ಲದ ಲಾರಿ

ಮಾವಾ,

ಹೋದ ವರ್ಷ ಒಂದು ಬೆಳಗ್ಗೆ ಲಾರಿ ಓನರ್ ನಿನಗೆ ಫೋನ್ ಮಾಡಿದ್ದರು. ನೀನು ಸ್ನಾನಕ್ಕೆ ಹೋಗಿದ್ದೆ, ಎತ್ತಿದ್ದು ನಾನು. "ಹೊಸ ಆಟೋಮ್ಯಾಟಿಕ್ ಲಾರಿ ಬರ್ತಿದೆ ಕಣಪ್ಪ. ನಿಮ್ಮ ಮಾವಂಗೇ ಕೊಡೋಣ ಅಂತಿದೀನಿ. ಓಡಿಸ್ತಾರಾ, ಕೇಳಿ ಹೇಳು" ಅಂದರು. ನಾನು ಕೇಳಲಿಲ್ಲ. ಬಚ್ಚಲು ಐದು ಹೆಜ್ಜೆ ದೂರದಲ್ಲಿತ್ತು, ನೀನು ನೀರು ಹುಯ್ದುಕೊಳ್ಳುವ ಸದ್ದು ಕೇಳಿಸುತ್ತಿತ್ತು. "ನಮ್ಮ ಮಾವ ಅದೆಲ್ಲ ಓಡಿಸಲ್ಲ ಸಾರ್" ಅಂದುಬಿಟ್ಟೆ. ನೀನು ಟವೆಲ್ ಸುತ್ತಿಕೊಂಡು ಬಂದು "ಯಾರೋ ಅದು?" ಅಂದಾಗ "ರಾಂಗ್ ನಂಬರ್" ಅಂದೆ. ಅಷ್ಟರಲ್ಲಿ ಫೋನಿನಿಂದ ಅವರ ಕರೆಯನ್ನೂ ಅಳಿಸಿಯಾಗಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಸ್ಕೂಲ್ ಬಿಟ್ಟಾಗ ಹೆಡ್‌ಮಾಸ್ಟರ್ ಎದುರಿಗೇ "ನಂಗೆ ಕೂರಕ್ಕಾಗಲ್ಲ ಸಾರ್" ಎಂದವನು ನಾನು. ಅಕ್ಕನ ಮಗನ ಬಾಯಲ್ಲಿ ಸುಳ್ಳು ಬರೋದಿಲ್ಲ ಅಂತ ನೀನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ. ಬಂತು ನೋಡು.

ಬೇಗೂರಿನ ನಮ್ಮ ಲಾರಿ ಶೆಡ್ಡಿನಲ್ಲಿ ಕ್ಲಚ್ಚಿಲ್ಲದ, ತಾನೇ ಗೇರ್ ಬದಲಿಸಿಕೊಳ್ಳುವ ಈ ಆಟೋಮ್ಯಾಟಿಕ್ ಮಾತು ಎದ್ದಾಗಲೆಲ್ಲ ನೀನು ಟೀ ಲೋಟ ಕೆಳಗಿಟ್ಟು ಶುರು ಮಾಡುತ್ತಿದ್ದೆ. "ಅದು ಲಾರಿನೇನ್ರೋ? ಹದಿನಾಕು ಚಕ್ರದ ಸ್ಕೂಟಿ! ಘಾಟ್ ಇಳಿಯೋವಾಗ ಗೇರ್ ನಂದಾ, ಕಂಪ್ಯೂಟರಿಂದಾ?" ಎಲ್ಲರೂ ನಗುತ್ತಿದ್ದರು. ಅದಕ್ಕೇ ನಿನ್ನ ಪರವಾಗಿ ಬೇಡ ಎಂದೆ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಹೊಸ ಲಾರಿಯ ಕ್ಯಾಬಿನ್ನಿನಲ್ಲಿ ಕ್ಯಾಮೆರಾ ಇರುತ್ತದೆ, ಡ್ರೈವರ್ ಬಿಟ್ಟು ಬೇರೆ ಯಾರೂ ಸ್ಟೀರಿಂಗ್ ಮುಟ್ಟುವಂತಿಲ್ಲ ಎಂದು ನನಗೆ ಗೊತ್ತಿತ್ತು. ನೀನು ಅದಕ್ಕೆ ಹೋದರೆ ನನ್ನ ಭಾನುವಾರದ ಡ್ರೈವಿಂಗ್ ಪಾಠ ನಿಂತುಹೋಗುತ್ತಿತ್ತು. ಇದ್ದದ್ದು ಇಷ್ಟೇ.

ಆ ಪಾಠಗಳು ನಿನಗೆ ನೆನಪಿವೆಯಾ? ಮುಂದಿನ ಮೀಟರಿಗೆ ನೀನು ಟವೆಲ್ ಮುಚ್ಚುತ್ತಿದ್ದೆ. "ಮುಳ್ಳು ನೋಡ್ಬೇಡ. ಇಂಜಿನ್ ಕೇಳುತ್ತೆ, ಆಗ ಕೊಡು." ಗೇರ್ ರಾಡಿನ ಮೇಲೆ ನನ್ನ ಕೈ, ಅದರ ಮೇಲೆ ನಿನ್ನ ಕೈ. ಮೊದಲ ಸಲ ಕರಕರ ಎನ್ನದೆ ಮೂರರಿಂದ ನಾಲ್ಕಕ್ಕೆ ಬಿದ್ದ ದಿನ ನೀನು ಭೇಷ್ ಅನ್ನಲಿಲ್ಲ, ಸುಮ್ಮನೆ ಕೈ ತೆಗೆದುಕೊಂಡೆ. ಎಲ್ಲೂ ಅರ್ಧ ಗಂಟೆ ಕೂರಲಾಗದ ನಾನು ಆ ಸೀಟಿನಲ್ಲಿ ಮಾತ್ರ ಕೂತಿರುತ್ತಿದ್ದೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ ಮಾವಾ. ಬದಲಿಗೆ ನಿನ್ನ ಮಂಡಿಯನ್ನು...

ಬಿಟಿಎಂ ಲೇಔಟಿನ ನಮ್ಮ ಮೂರನೇ ಮಹಡಿಯ ಮನೆಗೆ ನೀನು ಮೆಟ್ಟಿಲು ಹತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಪ್ರತಿ ಮೆಟ್ಟಿಲಿಗೂ ಬಲಗಾಲು ಮೊದಲು, ಎಡಗಾಲನ್ನು ಅದರ ಹಿಂದೆ ಎಳೆದುಕೊಳ್ಳುತ್ತಿದ್ದೆ. ಬೊಮ್ಮನಹಳ್ಳಿ ಜಾಮಿನಲ್ಲಿ ಮಾರು ಮಾರಿಗೂ ಕ್ಲಚ್ ಒತ್ತಿ ಒತ್ತಿ ಆದ ಮಂಡಿ ಅದು. "ಡಾಕ್ಟರ್‌ಗೆ ತೋರಿಸ್ರೀ" ಎಂದು ಅತ್ತೆ ಗೋಗರೆದರೆ "ಏನಿಲ್ಲ ಕಣೇ, ಜೋಮು ಹಿಡಿದಿದೆ" ಅನ್ನುತ್ತಿದ್ದೆ. ಯಾಕೆ ಮಾವಾ? ನೋಯುತ್ತೆ ಅಂತ ಒಂದು ಸಲ, ಒಂದೇ ಸಲ ಬಾಯಿ ಬಿಟ್ಟಿದ್ದರೆ ನಾನು ಅವತ್ತು ಬಚ್ಚಲ ಬಾಗಿಲು ಬಡಿಯುತ್ತಿರಲಿಲ್ಲವಾ? ಗೊತ್ತಿಲ್ಲ. ಬಡಿಯುತ್ತಿದ್ದೆ ಎಂದು ಆಣೆ ಮಾಡಲಾರೆ.

ಆ ಲಾರಿ ಶೆಡ್ಡಿನ ಇನ್ನೊಬ್ಬ ಡ್ರೈವರ್ ಮುನಿರಾಜಣ್ಣನ ಪಾಲಾಯಿತು. ಪೂಜೆಯ ದಿನ ನೀನೂ ಮೈಸೂರ್ ಪಾಕ್ ತಿಂದೆ, ಅವರ ಬೆನ್ನು ತಟ್ಟಿ "ಸ್ಕೂಟಿ ಹುಷಾರು ಗುರು" ಎಂದೆ. ವಾಪಸ್ ಬರುವಾಗ ಬೈಕಿನಲ್ಲಿ ನನ್ನ ಹಿಂದೆ ಕೂತು, "ಹದಿನೆಂಟು ವರ್ಷ ದುಡಿದೆ ಕಣೋ. ಓನರ್ರು ನನ್ನನ್ನ ಒಂದ್ ಮಾತು ಕೇಳ್ಲಿಲ್ಲ ನೋಡು" ಎಂದೆ.

"ಕೇಳಿದ್ರೆ ಓಡಿಸ್ತಿದ್ಯಾ?"

ಸಿಗ್ನಲಿನಲ್ಲಿ ಬೈಕ್ ನಿಂತಿತು. ನೀನು, "ಬೇಡ ಅನ್ನೋಕಾದ್ರೂ ಕೇಳ್ಬೇಕಿತ್ತು" ಎಂದೆ. ಬೇಡ ಅನ್ನುತ್ತಿದ್ದೆಯಾ ನಿಜವಾಗಿ? ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಹೇಳಿಬಿಡಲು ಬೇಕಾದಷ್ಟು ಹೊತ್ತಿತ್ತು. ನಾನು ಆಕ್ಸಲರೇಟರ್ ತಿರುವುತ್ತಾ ಕೂತೆ.

ನಾಲ್ಕು ತಿಂಗಳಿಗೆ ನಿನ್ನ ಎದೆಬಡಿತ ನಿಂತಿತು. ಹನ್ನೊಂದನೇ ದಿನದ ಊಟಕ್ಕೆ ಬಂದ ಓನರ್ ಎಲ್ಲರಿಗೂ ಕೇಳುವಂತೆ ಅಂದರು: "ಹೊಸ ಗಾಡಿ ಕೊಡ್ತೀನಿ ಅಂದ್ರೂ ಬೇಡ ಅಂದ ಮನುಷ್ಯ. ಅಂಥ ಡ್ರೈವರ್ ಈಗೆಲ್ಲಿ ಸಿಕ್ತಾರೆ?" ಪಂಕ್ತಿಗೆ ಪಂಕ್ತಿಯೇ ತಲೆದೂಗಿತು. ನನ್ನ ಸುಳ್ಳು ನಿನ್ನ ಹೆಗ್ಗಳಿಕೆಯಾಗಿತ್ತು. ನಾನು ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದೆ.

ಈಗ ಕೇಳು. ನನಗೆ ಹೆವಿ ಲೈಸೆನ್ಸ್ ಸಿಕ್ಕಿತು. ಓನರ್ ಕೊಟ್ಟದ್ದು ಆಟೋಮ್ಯಾಟಿಕ್ಕೇ. ಮೊದಲ ದಿನ ಗೇರ್ ಬದಲಾಗುವ ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಎಡಗಾಲು ತಾನಾಗಿ ಕ್ಲಚ್ ಹುಡುಕಿ ಬ್ರೇಕನ್ನೇ ತುಳಿಯಿತು. ಪಕ್ಕದಲ್ಲಿ ಕೂತಿದ್ದ ಟ್ರೈನರ್ ಕೈಯ ಕಾಫಿ ಪೂರ್ತಿ ಅವರ ಅಂಗಿಯ ಮೇಲೆ. "ಅಲ್ಲಿ ಕ್ಲಚ್ಚಿಲ್ಲ ಗುರು! ಎಡಗಾಲಿಗೆ ರಜಾ ಕೊಡು!" ಮೂರು ವರ್ಷ ನೀನು ಕಲಿಸಿದ್ದನ್ನು ಎರಡು ವಾರದಲ್ಲಿ ಮರೆಯಬೇಕಂತೆ. ಶೆಡ್ಡಿನ ಹುಡುಗರು ಬೇರೆ, "ಬಿಡು ಮಗಾ, ಈಗ ಲಾರಿ ಯಾರ್ ಬೇಕಾದ್ರೂ ಓಡಿಸ್ತಾರೆ" ಅನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ. ಅದಕ್ಕಿಂತ ಉರಿದದ್ದು ಬೊಮ್ಮನಹಳ್ಳಿಯಲ್ಲಿ. ಅದೇ ಜಾಮು, ಅದೇ ಹೊಗೆ, ಮುಕ್ಕಾಲು ಗಂಟೆ. ನನ್ನ ಎಡಗಾಲು ಹಾಯಾಗಿ ಮಲಗಿತ್ತು. ಖುಷಿಪಡಬೇಕಿತ್ತು. ಸ್ಟೀರಿಂಗಿಗೆ ಗುದ್ದಿದೆ. ಮತ್ತೆ ನಿನ್ನ ಘಾಟಿನ ಪ್ರಶ್ನೆಗೆ ಉತ್ತರ ಇತ್ತು ಮಾವಾ. ಒಂದು ಬಟನ್ ಒತ್ತಿದರೆ ಗೇರ್ ನಮ್ಮ ಕೈಗೇ ಬರುತ್ತದೆ. ಬೇಕೆಂದ ಗೇರಿನಲ್ಲಿ ಇಳಿಸಬಹುದು. ಯಾರಾದರೂ ನಿನ್ನನ್ನು ಹತ್ತಿಸಿ ತೋರಿಸಬೇಕಿತ್ತು, ಅಷ್ಟೇ.

ಮೊನ್ನೆ ಓನರ್ ಹತ್ತಿರ ಎಲ್ಲ ಹೇಳಿದೆ, ಶೆಡ್ಡಿನವರ ಎದುರಿಗೇ. ಅವರು ಲೆಕ್ಕದ ಪುಸ್ತಕ ಮುಚ್ಚಿದರು. "ಈಗ್ ಹೇಳ್ತಿದೀಯಲ್ಲಪ್ಪ. ಏನು, ಕೀ ವಾಪಸ್ ಕೊಡಕ್ಕೆ ಬಂದ್ಯಾ?" "ತಗೊಳಿ ಸಾರ್" ಎಂದು ಟೇಬಲ್ ಮೇಲಿಟ್ಟೆ. "ಎತ್ಕೋ. ಲೋಡ್ ಕಾಯ್ತಿದೆ" ಅಂದರು. ಮುನಿರಾಜಣ್ಣ ಎದ್ದು ಹೊರಗೆ ಹೋದರು. ಅವರಿನ್ನೂ ನನ್ನ ಹತ್ತಿರ ಮಾತಾಡಿಲ್ಲ.

ಮನೆಗೆ ಬಂದು ಅತ್ತೆಗೂ ಹೇಳಿದೆ. ಹುರುಳಿಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡರು. ಕೊನೆಗೆ, "ನಂಗ್ಯಾಕೋ ಹೇಳ್ತೀಯ? ನಿಮ್ಮ ಮಾವಂಗೆ ಹೇಳ್ಬೇಕಿತ್ತು" ಅಂದರು.

ಅದಕ್ಕೇ ಬರೆದೆ. ನಾಳೆ ಬೆಳಗ್ಗೆ ಆರು ಗಂಟೆಗೆ ಲೋಡ್ ಹೊತ್ತು ಹುಬ್ಬಳ್ಳಿಗೆ ಹೊರಡುತ್ತಿದ್ದೇನೆ.