ಅರ್ಧ ಮೀಟರಿಗಿಂತ ತೆಳುವಾದದ್ದು

ಫೆಬ್ರುವರಿ 3, ಸೋಮವಾರ. ಹುಕ್ಕೇರಿ, ಬೆಳಿಗ್ಗೆ 11.20

ಎರಡನೇ ಕೋನ್ ಟೆಸ್ಟ್ ಮುಗಿಯಿತು. ಹತ್ತು ಮೀಟರ್. ಉಕ್ಕಿನ ಮೊನೆ ನೆಲದೊಳಗೆ ಇಳಿಯುತ್ತ ಎರಡೆರಡು ಸೆಂಟಿಮೀಟರಿಗೆ ಅಂಕಿ ಕಳಿಸುತ್ತದೆ — ಮಣ್ಣು ಎಷ್ಟು ತಡೆಯಿತು, ಎಷ್ಟು ಉಜ್ಜಿತು. ಸಾಫ್ಟ್‌ವೇರ್ ಅದನ್ನು ಓದಿ ಪದರಗಳಿಗೆ ಬಣ್ಣ ಹಚ್ಚುತ್ತದೆ. ಇವತ್ತು ಮೂರು ಮೀಟರಿನಿಂದ ಕೆಳಗೆ ಪೂರ್ತಿ ಹಳದಿ. ಅಂದರೆ ಉಸುಕು.

ರಿಗ್ ನಡೆಸುವ ಗುಡ್ಡಪ್ಪ ಒಪ್ಪಲಿಲ್ಲ.

"ಆರ್ ಮೀಟರಿಗೆ ರಾಡ್ ಮೆತ್ತಗ ಇಳದ್ ಹೋತ್ರಿ ಮೇಡಮ್ಮಾರ. ಉಸುಕಿನ್ಯಾಗ ಹಂಗ ಹೋಗತೈತೇನ್ರಿ?"

ಕಚ್ಚಾ ಅಂಕಿಗಳ ಗ್ರಾಫ್ ತೆಗೆದೆ. ಆರು ಮೀಟರಿನಲ್ಲಿ ತಡೆ ಒಮ್ಮೆಗೇ ಕುಸಿದಿದೆ, ನಲವತ್ತು ಸೆಂಟಿಮೀಟರಿನಷ್ಟು. ಮೆತ್ತನೆಯ ಜೇಡಿಮಣ್ಣು. ಅಂಕಿಯಲ್ಲಿದೆ, ಬಣ್ಣದಲ್ಲಿಲ್ಲ.

11.50

ಸಿಕ್ಕಿತು. ಸೆಟ್ಟಿಂಗ್ಸಿನಲ್ಲಿ ಒಂದು ಟಿಕ್ — ಅರ್ಧ ಮೀಟರಿಗಿಂತ ತೆಳುವಾದ ಪದರವನ್ನು ಪಕ್ಕದ್ದರಲ್ಲಿ ಸೇರಿಸು. ಹಾಕಿದ್ದು ನಾನೇ. ಹೋದ ವರ್ಷ. ವರದಿ ಪಟ್ಟಿಪಟ್ಟಿಯಾಗಿ ಕಾಣುತ್ತದೆ ಎಂದು ನಮ್ಮ ಆಫೀಸಿನ ಮುಖ್ಯಸ್ಥ ಸದಾಶಿವ ಸರ್ ಬೇಸರ ಮಾಡಿಕೊಂಡಿದ್ದಕ್ಕೆ. ಆಮೇಲೆ ತೆಗೆಯಲೇ ಇಲ್ಲ...

ಈಗ ತೆಗೆದೆ. ಹಳದಿಯ ನಡುವೆ ಕಂದು ಗೆರೆ ಬಂತು, ಜೇಡಿಮಣ್ಣಿನದು.

ಮೂಡಲಗಿಯ ವರದಿ ನೆನಪಾಯಿತು. ಅದೂ ಈ ಟಿಕ್ ಇದ್ದಾಗಲೇ ಹೋದದ್ದು.

ಗೋಕಾಕ, ಆಫೀಸು, ಮಧ್ಯಾಹ್ನ 3.40

ಮೂಡಲಗಿ ಬಳಿಯ, ಕಂಬಗಳ ಮೇಲಿನ ನೀರಿನ ಟ್ಯಾಂಕಿನ ಫೈಲ್. ಹೋದ ಮಾರ್ಚ್. ಪಶ್ಚಿಮದ ಕೋನ್ — ಸರಿ ಇದೆ. ಪೂರ್ವದ್ದು — ಟಿಕ್ ತೆಗೆದರೆ ಮೂರು ಕಂದು ಪಟ್ಟಿ. ಮೂವತ್ತೈದು, ನಲವತ್ತು, ನಲವತ್ತೈದು ಸೆಂಟಿಮೀಟರ್. ಒಂದೂ ಅರ್ಧ ಮೀಟರ್ ಮುಟ್ಟಿಲ್ಲ. ಮೂರೂ ಸೇರಿದರೆ ಒಂದು ಮೀಟರ್ ದಾಟುತ್ತದೆ. ಭಾರ ಬಿದ್ದರೆ ಒಂದೇ ಕಡೆ ಇಳಿಯುತ್ತದೆ. ಟ್ಯಾಂಕ್ ವಾಲುತ್ತದೆ.

ಕಟ್ಟಿ ಮುಗಿದಿದೆ. ಗುರುವಾರ ಮೊದಲ ಸಲ ನೀರು ತುಂಬುತ್ತಾರೆ. ಐದು ಲಕ್ಷ ಲೀಟರ್.

ಫೆಬ್ರುವರಿ 4, ಮಂಗಳವಾರ

ಸರ್‌ಗೆ ತೋರಿಸಿದೆ. ಬಹಳ ಹೊತ್ತು ಸ್ಕ್ರೀನ್ ನೋಡಿದರು.

"ವರದಿಗೆ ಸಹಿ ಯಾರದು?"

"ನಂದ್ರಿ."

"ಕೆಳಗ ನಂದೂ ಐತಿ." ಕನ್ನಡಕ ತೆಗೆದರು. "ತಡೀ ರಾಜೇಶ್ವರಿ. ಗುರುವಾರ ಆಗ್ಲಿ. ಏನೂ ಆಗ್ಲಿಲ್ಲಂದ್ರ ಸುಮ್ನ ಗದ್ದಲಾ ಎಬ್ಬಿಸಿದಂಗ ಆಕ್ಕೈತಿ."

"ಏನರ ಆದ್ರರಿ?"

ಸರ್ ಚಹಾ ತರಿಸಿದರು. ಇಬ್ಬರೂ ಕುಡಿಯಲಿಲ್ಲ.

ಟ್ಯಾಂಕಿನ ಎಂಜಿನಿಯರ್ ಲಕ್ಷ್ಮಣ ಅವರಿಗೆ ಇಮೇಲ್ ಬರೆದೆ. ಡ್ರಾಫ್ಟಿನಲ್ಲಿದೆ.

ಫೆಬ್ರುವರಿ 6, ಗುರುವಾರ, ಬೆಳಿಗ್ಗೆ 9.15

ನಿನ್ನೆ ಏನೂ ಬರೆಯಲಿಲ್ಲ. ಏನೂ ಮಾಡಲೂ ಇಲ್ಲ.

ಮೂಡಲಗಿ ಬಸ್ಸು. ಏಳು ಗಂಟೆಗೆ ಇಮೇಲ್ ಕಳಿಸಿದೆ. ಲಕ್ಷ್ಮಣ ಫೋನ್ ಎತ್ತುತ್ತಿಲ್ಲ. ಅರಭಾವಿಯಲ್ಲಿ ಕಾಲೇಜಿನವರೆಲ್ಲ ಇಳಿಯುವವರೆಗೂ ಬಸ್ಸು ನಿಂತೇ ಇತ್ತು...

10.40

ಆರಕ್ಕೇ ಪಂಪ್ ಚಾಲೂ ಮಾಡಿದ್ದಾರೆ. ಮೂರನೇ ಒಂದು ಭಾಗ ತುಂಬಿದೆ. ಹೆಂಗಸರು ಕೊಡ ಹಿಡಿದು ಕೆಳಗೇ ನಿಂತಿದ್ದಾರೆ. ಪೂರ್ವಕ್ಕೆ, ಇಪ್ಪತ್ತು ಅಡಿಯಲ್ಲಿ ತಾಯವ್ವ ಎಂಬ ಅಜ್ಜಿಯ ಮನೆ.

ಲಕ್ಷ್ಮಣ ಅವರಿಗೆ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ.

"ನಿಮ್ಮ ವರದಿ ನೋಡೇ ಕಟ್ಟೀವಲ್ರಿ ಮೇಡಮ್."

"ವರದಿ ತಪ್ಪೈತ್ರಿ. ತಪ್ಪು ನಂದು. ಪಂಪ್ ಬಂದ್ ಮಾಡಸ್ರಿ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಪಂಪಿನವನಿಗೆ ಕೈ ಮಾಡಿದರು.

12.00

ಲೆವೆಲ್ ಯಂತ್ರ ಹಚ್ಚಿ ಅಳೆದೆವು. ನೀರು ಬಿಡುವ ಮೊದಲಿನ ಅಳತೆ ಅವರ ಬಳಿ ಇತ್ತು. ಪಶ್ಚಿಮದ ಕಂಬ ಎರಡು ಮಿಲಿಮೀಟರ್ ಇಳಿದಿದೆ. ಪೂರ್ವದ್ದು ಹನ್ನೊಂದು.

1.00

ಹದಿಮೂರು. ಪಂಪ್ ನಿಂತರೂ ಕಂಬ ಇಳಿಯುತ್ತಿದೆ. ಖಾಲಿ ಮಾಡಲು ಶುರು. ಹೆಂಗಸರನ್ನು ರಸ್ತೆಯ ಆಚೆಗೆ ಕಳಿಸಿದರು. ತಾಯವ್ವನ ಮನೆಗೆ ನಾನು ಹೋದೆ. ಒಲೆಯ ಮೇಲೆ ಪಲ್ಯ ಇತ್ತು.

"ಟಾಕಿಗೆ ಜಾಗಾ ಕೊಟ್ಟಾಕಿ ನಾನ ಯವ್ವಾ. ನನ್ನ ಮ್ಯಾಲ ಬೀಳತೈತೇನು ಅದು?"

"ಬೀಳಬಾರ್ದಂತ ಬಂದೇನ್ರಿ. ಹೊರಗ ಬರ್ರಿ."

"ಯಾರ್ ಮಾಡಿದ್ ತಪ್ಪಿದು?"

"ನಾನ ಮಾಡಿದ್ದ್ರಿ."

ಒಲೆ ಆರಿಸಿದಳು. ಬಿಸಿ ಪಾತ್ರೆಯನ್ನು ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಹಿಡಿ ಹಂಗಾರ. ಎಮ್ಮಿ ಬಿಚ್ಕೊಂಡ್ ಬರ್ತೇನಿ."

4.30

ಖಾಲಿ. ಹದಿನಾಲ್ಕಕ್ಕೆ ನಿಂತಿದೆ.

ಫೆಬ್ರುವರಿ 7, ಶುಕ್ರವಾರ. ಗೋಕಾಕ, ಬೆಳಿಗ್ಗೆ 10.10

ಲಕ್ಷ್ಮಣ ಫೋನ್ ಮಾಡಿದ್ದರು. ಬೆಳಿಗ್ಗೆಯೂ ಹದಿನಾಲ್ಕೇ. ಬುನಾದಿ ಬಲಪಡಿಸುವವರೆಗೆ ನೀರು ತುಂಬುವುದಿಲ್ಲ. ತಾಯವ್ವ ತಂಗಿಯ ಮನೆಯಲ್ಲಿದ್ದಾಳೆ.

ಸದಾಶಿವ ಸರ್ ನನಗಿಂತ ಮೊದಲು ಬಂದಿದ್ದರು. ಬೈಯುತ್ತಾರೆ ಅಂದುಕೊಂಡೆ. ಒಂದು ಚೀಟಿ ಮುಂದಿಟ್ಟರು. ಅದೇ ಸೆಟ್ಟಿಂಗಿನಲ್ಲಿ ಕಳಿಸಿದ ಉಳಿದ ವರದಿಗಳು. ಹನ್ನೊಂದು.

"ಒಬ್ಬಾಕಿ ನೋಡಿದ್ರ ಸಂಜಿತನಾ ಆಕ್ಕೈತಿ," ಎಂದು ಕುರ್ಚಿ ಎಳೆದುಕೊಂಡು ಬಾಜೂ ಕೂತರು.

ಮೊದಲನೆಯದು ಧುಪದಾಳ ಹತ್ತಿರದ ಕಲ್ಯಾಣಮಂಟಪ. ಎರಡಂತಸ್ತು. ಇವತ್ತು ಅಲ್ಲಿ ಮದುವೆ — ಸರ್‌ಗೂ ಕರೆ ಬಂದಿದೆಯಂತೆ. ಆರುನೂರು ಜನ.

ಟಿಕ್ ತೆಗೆದೆ. ನಾಲ್ಕು ಮೀಟರ್, ಹಳದಿ. ಐದು, ಹಳದಿ. ಆರು — ಕಂದು.