ಓದದೆ ಬಿಟ್ಟ ಸಾಲು

ಗುಳೇದಗುಡ್ಡ
ಬೇಗೆ ತಿಂಗಳ ನಾಲ್ಕನೆಯ ದಿನ, 2191

ನಾನು ಗುರುಸಿದ್ಧವ್ವ ಹುಣಶೀಕಟ್ಟಿ. ವಯಸ್ಸು ಎಪ್ಪತ್ತೆಂಟು. ಹನ್ನೊಂದು ಮಗ್ಗಗಳ ಮನೆಯ ಯಜಮಾನಿ. ಓದಿದ್ದು ಹತ್ತನೆಯ ತರಗತಿಯವರೆಗೆ, ಆದರೆ ಓದಿದ್ದನ್ನು ಮರೆತಿಲ್ಲ. ನಮ್ಮ ಓಣಿಯ ಪಂಚಾಯ್ತಿಯಲ್ಲಿ ನಾನು ಏಳುವ ತನಕ ಯಾರೂ ಏಳುವುದಿಲ್ಲ. ಮೂವತ್ತೈದು ವರ್ಷ ಈ ಮನೆಯ ಓದವ್ವ ಆಗಿದ್ದೇನೆ. ಓದವ್ವ ಎಂದರೆ ಏನೆಂದು ನಿನಗೆ ಗೊತ್ತಿರಲಾರದು, ಸೌಭಾಗ್ಯ. ಮುಂದೆ ಹೇಳುತ್ತೇನೆ. ಆ ಪದ ಹುಟ್ಟಿದ್ದೇ ನಿನ್ನಿಂದ.

ಮೇಲಿನ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಮೇ ಮುಗಿದ ಮೇಲೆ ಜೂನ್ ಹುಟ್ಟುವ ಮೊದಲು ನಮಗೆ ಇನ್ನೊಂದು ತಿಂಗಳಿದೆ. ಹಗಲು ಹೊರಗೆ ಕೆಲಸ ಮಾಡಬಾರದೆಂದು ಸರ್ಕಾರವೇ ಕಟ್ಟುಮಾಡಿದ ತಿಂಗಳು, ಅದಕ್ಕೆ ಬೇಗೆ ತಿಂಗಳು ಎಂದು ಹೆಸರು. ಈ ಪತ್ರ ಹಿಂದಿನ ಕಾಲಕ್ಕೆ ಹೋಗುವ ಹಿಮ್ಮರಳಿ ಅಂಚೆಯಲ್ಲಿ ಬರುತ್ತದೆ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಪತ್ರ, ಅದೂ ತಮ್ಮದೇ ಮನೆತನದ ಹಿಂದಿನವರಿಗೆ ಮಾತ್ರ. ಇದರಿಂದ ಏನಾದರೂ ಬದಲಾದರೆ ಬರೆದ ನೀವೇ ಇಲ್ಲವಾಗಬಹುದು ಎಂದು ಅಂಚೆಯ ಗುಮಾಸ್ತ ಹೆದರಿಸಿದ. ನಾನು ಇಲ್ಲವಾದರೆ ಅವನ ಮನೆಯ ಒಲೆ ಆರುತ್ತದೆಯೇ? ಬರೆದು ತಂದಾಗ ತೂಕ ಮಾಡು, ಮುದ್ರೆ ಹಾಕು ಎಂದೆ. ನನ್ನ ಮಾತು ನಿನ್ನ ಕಿವಿಗೆ ಒರಟಾಗಿ, ಹೊಸದಾಗಿ ಕೇಳಿದರೆ ಕ್ಷಮಿಸು. ನೀನು ನನಗಿಂತ ಆರು ತಲೆಮಾರು ಹಿರಿಯಳು. ಆದರೆ ಈ ಪತ್ರ ತಲುಪುವ ದಿನ ನೀನು ಇಪ್ಪತ್ತಾರರ ಹುಡುಗಿ, ಮೂರು ತಿಂಗಳ ಬಸುರಿ. ಬಹುವಚನ ಕೊಡಬೇಕೋ ಏಕವಚನವೋ ಎಂದು ಎರಡು ದಿನ ಯೋಚಿಸಿದೆ. ಏಕವಚನವೇ ಇರಲಿ. ಸಿಟ್ಟು ಬಂದಾಗ ಬಹುವಚನ ನನ್ನ ಬಾಯಲ್ಲಿ ನಿಲ್ಲುವುದಿಲ್ಲ.

ಸಿಟ್ಟು ಏಕೆಂದರೆ, ನಿನಗೆ ಇನ್ನೂ ಬಾರದ, ನಮಗೆ ಎಂದೋ ಕಳೆದ ಒಂದು ದಿನ ನೀನು ಆಸ್ಪತ್ರೆಯ ಸ್ಟೀಲು ಕುರ್ಚಿಯ ಮೇಲೆ ಕುಳಿತಿದ್ದೆಯಂತೆ. ಮಗುವಿಗೆ ಹುಟ್ಟುದೋಷ ಇರುವ ಸಂಭವವಿದೆಯೇ ಎಂದು ನೋಡುವ ರಕ್ತಪರೀಕ್ಷೆಯ ವರದಿ ಬಂತಂತೆ. ಆ ಪರೀಕ್ಷೆ ಬೇಕೋ ಬೇಡವೋ ಎಂದು ನಿನ್ನನ್ನು ಯಾರೂ ಕೇಳಿರಲಿಲ್ಲ, ಎಲ್ಲರೂ ಮಾಡಿಸುತ್ತಾರೆ ಎಂದರು, ನೀನು ತೋಳು ಚಾಚಿದೆ. ವರದಿಯ ಲಕೋಟೆಯನ್ನು ನಿನ್ನ ಕೈಗೇ ಕೊಟ್ಟರೂ ನೀನು ಬಿಚ್ಚಲಿಲ್ಲ. ಪಕ್ಕದಲ್ಲಿದ್ದ ಅತ್ತೆಯ ಮಡಿಲಿಗಿಟ್ಟು "ನೀವಽ ನೋಡ್ರಿ ಅತ್ತಿ, ನನಗ ಅಂಜಿಕಿ ಬರತೈತಿ" ಎಂದೆ. ಇದನ್ನು ನಮ್ಮ ಮನೆಯಲ್ಲಿ ಒಳ್ಳೆಯ ಸೊಸೆಯ ಕಥೆ ಎಂದು ಹೇಳುತ್ತಾರೆ. ನಾನೂ ಹೇಳಿದ್ದೇನೆ. ನಿನ್ನ ಸೊಸೆ ತನ್ನ ಲಕೋಟೆಯನ್ನು ನಿನಗೆ ತಂದುಕೊಟ್ಟಳು, ಅವಳ ಸೊಸೆ ಅವಳಿಗೆ. ಓಣಿ ಇದನ್ನು ನೋಡಿ ಚೆಂದ ಎಂದಿತು. ಆಮೇಲೆ ಕಾಯಿದೆ ಬಂದಾಗ, ಇರುವ ರೂಢಿಯನ್ನೇ ಬರೆದುಕೊಂಡಿತು.

ಈಗ ಹೇಗಿದೆ ಎಂದರೆ, ಪ್ರತಿ ಮನೆಗೂ ಒಬ್ಬ ಓದವ್ವ. ಮನೆಯ ಸೊಸೆಗೆ ಹತ್ತನೆಯ ವಾರ ತುಂಬಿದಾಗ ಆರೋಗ್ಯಮನೆಯ ನರ್ಸಬಾಯಿ ಸೂಜಿ ಹಿಡಿದು ಬರುತ್ತಾಳೆ. ಒಪ್ಪಿಗೆಯ ಹೆಬ್ಬೆಟ್ಟು ಒತ್ತುವವಳು ಓದವ್ವ, ಬಸುರಿಯಲ್ಲ. ವರದಿಗೆ ನಾವು ಬಸಿರುಪಟ್ಟಿ ಎನ್ನುತ್ತೇವೆ, ಅದು ಬರುವುದೂ ಓದವ್ವನ ಕೈಗೆ. ಬೀಗರು, ಭಾವ ಮೈದುನರು ಎಲ್ಲ ನೆಲಮನೆಯಲ್ಲಿ ಸೇರುತ್ತಾರೆ. ಬಿಸಿಲಿಗೆ ಹೆದರಿ ನಾವು ನೆಲದೊಳಗೆ ಕಟ್ಟಿಕೊಂಡ ದೊಡ್ಡ ಕೋಣೆ ಅದು, ಮಗ್ಗಗಳೂ ಅಲ್ಲೇ ಇವೆ. ಮೇಲೆ ಗುಡ್ಡದ ಗಾಳಿಗೆ ಚಕ್ರ ತಿರುಗಿದರೆ ಕೆಳಗೆ ಲಾಳಿ ಓಡುತ್ತದೆ, ಗಾಳಿ ಬಿದ್ದರೆ ನಾವೇ ಕಾಲಲ್ಲಿ ತುಳಿಯುತ್ತೇವೆ. ಬೆಳಿಗ್ಗೆ ಎಂಟರ ಹೊತ್ತಿಗೆ ಓದವ್ವ ಎದ್ದು ನಿಂತು ಪಟ್ಟಿ ಓದುತ್ತಾಳೆ. ಅದು ಚೆನ್ನಾಗಿದ್ದರೆ ಮಗ್ಗದಿಂದ ಹಸಿರು ಖಣ ಕತ್ತರಿಸಿ, ಬಸುರಿಗೆ ಅದರ ರವಿಕೆ ತೊಡಿಸುವ ಕುಬಸದ ಸೀಮಂತಕ್ಕೆ ದಿನ ಗೊತ್ತುಮಾಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಖಣ ಮಗ್ಗದ ಮೇಲೇ ಇರುತ್ತದೆ, ಜನ ಚಹಾ ಕುಡಿಯದೆ ಏಳುತ್ತಾರೆ. ಇದರಲ್ಲಿ ಇನ್ನೊಂದು ಕಟ್ಟಳೆಯಿದೆ. ಬಸುರಿಯ ಮುಂದೆ ಅಂಕಿ ಉಚ್ಚರಿಸಬಾರದು, ಎಣಿಸಿದರೆ ದೃಷ್ಟಿ ತಾಗುತ್ತದೆ. ಹಾಗಾಗಿ ಓದವ್ವ ಮೇಲಿನ ಬಣ್ಣದ ಸಾಲನ್ನು ಮಾತ್ರ ಓದಿ ಪಟ್ಟಿ ಮಡಚುತ್ತಾಳೆ. ಕೆಳಗೆ ಅಂಕಿಗಳಿರುವ ಸಾಲನ್ನು ಓದುವುದಿಲ್ಲ.

ಪರೀಕ್ಷೆಯನ್ನೇ ಬೈಯುವ ಮುದುಕಿ ನಾನೆಂದು ತಿಳಿಯಬೇಡ. ನನ್ನ ತಂಗಿಯ ಮಗಳ ಹೃದಯದಲ್ಲಿ ತೂತಿದೆ ಎಂದು ಬಸಿರಿನಲ್ಲಿರುವಾಗಲೇ ಗೊತ್ತಾಯಿತು. ತಂಗಿಯನ್ನು ಮೊದಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು, ಮಗು ಹುಟ್ಟಿದ ಎರಡನೆಯ ದಿನ ಡಾಕ್ಟರು ಎದೆ ತೆರೆದು ಸರಿಮಾಡಿದರು. ಈಗ ಅವಳು ಎರಡು ಮಗ್ಗ ನಡೆಸುತ್ತಾಳೆ, ನನಗೇ ಎದುರು ಮಾತಾಡುತ್ತಾಳೆ. ತಿಳಿದುಕೊಳ್ಳುವುದು ತಪ್ಪಲ್ಲ. ತಿಳಿದುಕೊಂಡ ಮೇಲೆ ಒಬ್ಬಳು ತನ್ನ ಶಕ್ತಿ, ತನ್ನ ಮನೆ, ತನ್ನ ಮನಸ್ಸು ನೋಡಿಕೊಂಡು ಬಸಿರು ಬೇಡ ಎಂದರೂ ಅವಳ ಮೇಲೆ ಬೆರಳು ತೋರಿಸಲು ನಾನು ಯಾರು? ನನ್ನ ಸಿಟ್ಟು ಇರುವುದು ನೂರು ಕಣ್ಣುಗಳ ಮೇಲೆ, ಮತ್ತು ಆ ಕಣ್ಣುಗಳಿಗೆ ಬಾಯಿಯಾದ ನನ್ನ ಮೇಲೆ. ನಮ್ಮ ಪೇಟೆಯಲ್ಲಿ ಈಗ ನಿಧಾನವಾಗಿ ಮಾತು ಕಲಿಯುವ ಮಗು ಕಾಣಸಿಗುವುದಿಲ್ಲ. ಮೇಲಿನ ಓಣಿಯ ಒಬ್ಬ ಆಳು ಗಾಳಿಚಕ್ರದಿಂದ ಬಿದ್ದು ಕುಂಟನಾದ. ಅವನನ್ನು ನೋಡಿದ ಮಕ್ಕಳು "ಇವನ ಪಟ್ಟಿ ಓದಿದಾಕಿ ಕುರುಡಿ ಇದ್ಲೇನು?" ಎಂದು ನಗುತ್ತವೆ. ಮಕ್ಕಳಿಗೆ ಅದನ್ನು ಯಾರೂ ಕಲಿಸಲಿಲ್ಲ. ನಮ್ಮನ್ನು ನೋಡಿಯೇ ಕಲಿತವು.

ಮೂವತ್ತೊಂದು ವರ್ಷದ ಹಿಂದೆ ನನ್ನ ಸೊಸೆ ಕಸ್ತೂರಿಗೆ ಮೊದಲ ಬಸಿರು. ಅವಳಿಗೆ ಇಪ್ಪತ್ತೆರಡು ವರ್ಷ. ನಾನು ಓದವ್ವ ಆಗಿ ನಾಲ್ಕು ವರ್ಷವಷ್ಟೇ ಆಗಿತ್ತು, ತಲೆ ನೆಟ್ಟಗೆ ನಿಲ್ಲುತ್ತಿತ್ತು. ಪಟ್ಟಿಯ ಮೇಲಿನ ಸಾಲು ಕೆಂಪಾಗಿತ್ತು. "ಹೆಚ್ಚಿನ ಸಂಭವ" ಎಂದು ಓದಿದೆ, ಮಡಚಿದೆ. ಬೀಗಿತಿ ಸೆರಗು ಬಾಯಿಗಿಟ್ಟುಕೊಂಡಳು. ಗಂಡಸರು ಎದ್ದರು. ಎಂಟು ದಿನದೊಳಗೆ ಎರಡು ಮನೆಯವರೂ ಕೂಡಿ ಮಾತಾಡಿದರು, ಆರೋಗ್ಯಮನೆಯಲ್ಲಿ ನಾನು ಹೆಬ್ಬೆಟ್ಟು ಒತ್ತಿದೆ, ಆ ಬಸಿರು ಮುಗಿಯಿತು. ಕಸ್ತೂರಿ ಮೂಲೆಯಲ್ಲಿ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಮೂರು ವರ್ಷದ ಮೇಲೆ ಮಗ ಶಿವಪ್ರಭು ಹುಟ್ಟಿದ. ಹಳೆಯದು ಮುಗಿದುಹೋಯಿತು ಎಂದುಕೊಂಡೆ. ಎಷ್ಟು ಸುಲಭವಾಗಿ ಅಂದುಕೊಂಡೆ!

ಈಗ ಶಿವಪ್ರಭುವಿನ ಹೆಂಡತಿ ದಾನಮ್ಮ ಬಸುರಿ. ಹೋದ ಶುಕ್ರವಾರ ಅವಳ ಸೂಜಿಯ ದಿನ. ಪಟ್ಟಿ ಓದುವ ದಿನದಂತೆಯೇ ಎಲ್ಲರೂ ನೆಲಮನೆಯಲ್ಲಿ ಸೇರಿದ್ದರು. ನರ್ಸಬಾಯಿ ಹೆಬ್ಬೆಟ್ಟಿನ ಹಲಗೆಯನ್ನು ನನ್ನ ಮುಂದಿಟ್ಟಳು. ನಾನು ಕೈ ಚಾಚುವಷ್ಟರಲ್ಲಿ ದಾನಮ್ಮ ತೋಳಿನ ಸೆರಗನ್ನು ಕೆಳಗೆಳೆದುಕೊಂಡು "ಸ್ವಲ್ಪ ತಡೀರಿ ಆಯಿ" ಎಂದಳು. ನಮ್ಮ ಮನೆಯಲ್ಲಿ ಹಾಗೆ ಅಂದವರಿಲ್ಲ. ಪರೀಕ್ಷೆ ಬೇಡವೇನು ಎಂದು ಗದರಿಸಿದೆ. ಹುಡುಗಿ ಹೆದರಿದ್ದಳು, ಆದರೂ ಮಾತು ನುಂಗಲಿಲ್ಲ. "ಬ್ಯಾಡ ಅನ್ನಾಕತ್ತಿಲ್ಲ ಆಯಿ. ನನ್ನ ಕೇಳ್ರಿ ಅನ್ನಾಕತ್ತೇನಿ. ಮಾಡಿಸೂದು ಬಿಡೂದು ನಾ ವಿಚಾರ ಮಾಡ್ತೀನಿ. ಮಾಡಿಸಿದ್ರ ಪಟ್ಟಿ ನನ್ನ ಕೈಗೆ ಬರಲಿ. ಓದೂದು ಬ್ಯಾಡ, ಮಂದಿ ಕೂಡೂದು ಬ್ಯಾಡ."

ನನ್ನ ಮೈದುನ ಈರಭದ್ರಪ್ಪನಿಗೆ ಇಂಥ ಹೊತ್ತಿನಲ್ಲಿ ಬಾಯಿ ತುರಿಸುತ್ತದೆ. "ಯಾಕ ವೈನಿ, ಹೆಬ್ಬಟ್ಟ ಮ್ಯಾಲ ಮರತ ಬಂದೀರೇನು? ನಿನ್ನೆ ಬಂದ ಹುಡುಗಿ ನಿಮಗ ಕಾಯಿದೆ ಹೇಳಾಕತ್ತಾಳ" ಎಂದ. "ಹೆಬ್ಬಟ್ಟ ಇಲ್ಲೇ ಐತಿ ಈರಭದ್ರಪ್ಪ. ನಿನ್ನ ನಾಲಿಗಿಯಂಗ ಕಂಡಕಂಡಲ್ಲಿ ಒತ್ತಾಂಗಿಲ್ಲ ಅದು" ಎಂದೆ. ಜನ ನಕ್ಕರು. ನಾನು ನಗಲಿಲ್ಲ. ನಿಜ ಹೇಳುತ್ತೇನೆ, ಆಗ ನನ್ನ ಸಿಟ್ಟೆಲ್ಲ ದಾನಮ್ಮನ ಮೇಲೇ ಇತ್ತು. ಅವಳ ತೋಳು ಹಿಡಿದು ನರ್ಸಬಾಯಿಯ ಮುಂದೆ ಚಾಚಿಸಿ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದೆ.

ಆಗ ಕಸ್ತೂರಿ ಮಗ್ಗ ನಿಲ್ಲಿಸಿದಳು. ಸೂಜಿಯ ದಿನ ಸೇರಿದಾಗಲೆಲ್ಲ ಅವಳು ಕೆಲಸದ ನೆವ ಮಾಡಿ ಮಗ್ಗದಲ್ಲೇ ಕೂರುತ್ತಾಳೆ. ಲಾಳಿಯ ಸದ್ದು ನಿಂತದ್ದಕ್ಕೇ ಎಲ್ಲರೂ ತಿರುಗಿದರು. ಎದ್ದೂ ಬರಲಿಲ್ಲ, ಅಲ್ಲಿಂದಲೇ ಕೇಳಿದಳು. "ಅತ್ತಿ, ಅವತ್ತ ನನ್ನ ಪಟ್ಟಿಯಾಗ ಕೆಳಗಿನ ಸಾಲಿನ್ಯಾಗ ಏನ ಬರದಿತ್ತರಿ?"

ಸೌಭಾಗ್ಯ, ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷವೂ ಗೊತ್ತಿತ್ತು. ಹತ್ತನೆಯ ತರಗತಿ ಓದಿದವಳು ನಾನು, ಕಣ್ಣು ಕೆಳಗಿನ ಸಾಲಿಗೂ ಹೋಗಿತ್ತು. ಬಾಯಿ ಮಾತ್ರ ಹೋಗಲಿಲ್ಲ. ಮರೆತೆ ಎಂದು ಹೇಳಬಹುದಿತ್ತು, ನಂಬುತ್ತಿದ್ದರು. ಎದ್ದು ನಿಂತೆ. ಪಟ್ಟಿ ಓದುವಾಗ ನಿಲ್ಲುವ ಹಾಗೆಯೇ ನಿಂತು, ಎಲ್ಲರ ಮುಂದೆ, ಬಸುರಿಯ ಮುಂದೆಯೇ, ಅಂಕಿ ಸಹಿತ ಹೇಳಿದೆ: "ನಲವತ್ತರಲ್ಲಿ ಒಂದು. ಇದು ತೀರ್ಪಲ್ಲ. ಖಚಿತ ಮಾಡುವ ಪರೀಕ್ಷೆ ಬೇರೆ ಇದೆ. ತಾಯಿಯನ್ನು ಕೇಳಿ."

"ಅಂದ್ರ ನನ್ನಂಗ ಕೆಂಪ ಪಟ್ಟಿ ಬಂದ ನಲವತ್ತ ಮಂದಿಯಾಗ..." ಎಂದಳು ಕಸ್ತೂರಿ. ಅವಳೂ ಲೆಕ್ಕ ಬಲ್ಲವಳು, ಎಳೆ ಎಣಿಸುವವಳು. "ಮೂವತ್ತೊಂಬತ್ತ ಮಂದೀದು ಚಲೋನ ಇರತಿತ್ತು. ಹೌದಲ್ರಿ ಅತ್ತಿ?" ಹೌದು ಎಂದೆ. "ಆ ಒಂದ ನಂದ ಆಗಿದ್ರೂ, ಒಂದ ಮಾತ ಕೇಳಬೇಕಿತ್ತರಿ" ಎಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎದುರು ಬೈದು ಹಗುರಾಗುತ್ತಿದ್ದೆ. ಮೂಲೆಯಲ್ಲಿ ಯಾರೋ ಬಸುರಿಯ ಮುಂದೆ ಲೆಕ್ಕ ಹೇಳಿದರಲ್ಲ ಎಂದು ಗೊಣಗಿದರು. ಅಷ್ಟು ದೊಡ್ಡ ಮಾತಿನಲ್ಲಿ ಅವರ ಕಿವಿಗೆ ಬಿದ್ದದ್ದು ಅಷ್ಟೇ.

ಈಗ ನಿನಗೆ ಹೇಳುತ್ತೇನೆ, ಕೇಳು. ನೀನು ಅಂದು ಅಂಜಿದ್ದು ತಪ್ಪಲ್ಲ. ಅಂಜದ ಬಸುರಿ ಯಾರಿದ್ದಾಳೆ? ಆದರೆ ನಿನ್ನ ಅಂಜಿಕೆಯನ್ನು ನಾವು ಕಟ್ಟಳೆ ಮಾಡಿಕೊಂಡೆವು, ಮರ್ಯಾದೆ ಮಾಡಿಕೊಂಡೆವು, ಆಮೇಲೆ ಅಧಿಕಾರ ಮಾಡಿಕೊಂಡೆವು. ಆ ಅಧಿಕಾರದ ಮೇಲೆ ಮೂವತ್ತೈದು ವರ್ಷ ನಾನು ಕೂತೆ. ರಕ್ತ ಕೊಡುವ ಮೊದಲು ಇದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಡಾಕ್ಟರನ್ನು ಕೇಳು. ಅವರು ಅವಸರ ಮಾಡಿದರೆ ಮತ್ತೆ ಕೇಳು. ಬೇಕಾದರೆ ಮಾಡಿಸು, ಬೇಡವಾದರೆ ಬೇಡ ಎಂದು ಎದ್ದು ಬಾ. ಎಲ್ಲರೂ ಮಾಡಿಸುತ್ತಾರೆ ಎನ್ನುವುದು ಉತ್ತರವಲ್ಲ, ಯಾರೂ ಮಾಡಿಸುವುದಿಲ್ಲ ಎನ್ನುವುದೂ ಉತ್ತರವಲ್ಲ. ಲಕೋಟೆ ಬಂದರೆ ನೀನೇ ಬಿಚ್ಚು. ಕೊನೆಯ ಸಾಲಿನವರೆಗೆ ಓದು. ತಿಳಿಯದ ಪದದ ಮೇಲೆ ಬೆರಳಿಟ್ಟು ಅರ್ಥ ಕೇಳು. ಅತ್ತೆಯ ಕೈ ಹಿಡಿದುಕೋ, ಕಾಗದ ಮಾತ್ರ ಕೊಡಬೇಡ. ಇಷ್ಟನ್ನು ನೀನು ಮಾಡಲಾರೆ ಎಂದಾದರೆ, ನಿನ್ನನ್ನು ಒಳ್ಳೆಯ ಸೊಸೆ ಎಂದು ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ. ನಾನು ಹೇಳಗೊಡುವುದಿಲ್ಲ.

ನನ್ನ ಪಾಲಿನದು ಮುಗಿದಿದೆ. ಸೋಮವಾರ ಬಿಸಿಲೇರುವ ಮೊದಲು ನಾನೊಬ್ಬಳೇ ಆರೋಗ್ಯಮನೆಗೆ ನಡೆದುಹೋದೆ. ದಫ್ತರು ತೆಗೆಸಿ ಹುಣಶೀಕಟ್ಟಿ ಮನೆಯ ಓದವ್ವ ಎಂಬಲ್ಲಿದ್ದ ನನ್ನ ಹೆಸರನ್ನು ಹೊಡೆಸಿದೆ. ಹಾಗಾದರೆ ಮುಂದಿನ ಹೆಸರು ಯಾರದು, ಕಸ್ತೂರವ್ವನದೇ ಎಂದು ನರ್ಸಬಾಯಿ ಕೇಳಿದಳು. ಯಾರದೂ ಅಲ್ಲ ಎಂದೆ. ಒಮ್ಮೆ ಖಾಲಿ ಬಿಟ್ಟರೆ ನಿಮ್ಮ ಮನೆಗೆ ಈ ಹಕ್ಕು ಮತ್ತೆ ಬರುವುದಿಲ್ಲ, ಇನ್ನು ಹೆಬ್ಬೆಟ್ಟೂ ಪಟ್ಟಿಯೂ ಆಯಾ ಬಸುರಿಯದೇ ಆಗುತ್ತದೆ, ನೋಡಿಕೊಳ್ಳಿ ಎಂದಳು. ನೋಡಿಕೊಂಡೇ ಬಂದಿದ್ದೇನೆ ಎಂದೆ. ಬೀಗರು ಕುಬಸಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾರೆ. ಈರಭದ್ರಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅದರಿಂದ ಮನೆ ಸ್ವಲ್ಪ ನಿಶ್ಶಬ್ದವಾಗಿದೆ, ಅಷ್ಟೇ.

ಮಂಗಳವಾರ ದಾನಮ್ಮ ಗಂಡನನ್ನು ಕರೆದುಕೊಂಡು ಆರೋಗ್ಯಮನೆಗೆ ಹೋಗಿ ಬಂದಳು. ಡಾಕ್ಟರ ಜೊತೆ ಮಾತಾಡಲು ಹೋದಳೋ, ರಕ್ತ ಕೊಡಲು ಹೋದಳೋ, ಕೊಡುವುದಿಲ್ಲವೆಂದು ಹೇಳಿ ಬರಲು ಹೋದಳೋ ನನಗೆ ತಿಳಿಯದು. ಬಂದವಳು ನೀರು ಕುಡಿದು, ನನ್ನ ಎದುರೇ ಹಾದು, ಮಗ್ಗಕ್ಕೆ ಕೂತಳು. ಮೂವತ್ತೈದು ವರ್ಷದಲ್ಲಿ ಈ ಮನೆಯ ಯಾವ ಸುದ್ದಿಯೂ ನನ್ನನ್ನು ದಾಟಿ ಒಳಗೆ ಹೋದದ್ದಿಲ್ಲ. ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ನಾನು ಕೇಳಲಿಲ್ಲ.